ಎರಡನೇ ಯುಫೋನಿಯಂ

ಫೆಬ್ರವರಿ ೩, ೨೦೨೫. ಸೋಮವಾರ. ಬೆಳಗ್ಗೆ ೧೦.೩೦

ಎರಡು ಲಗ್ನಪತ್ರಿಕೆ, ಒಂದು ಶ್ರದ್ಧಾಂಜಲಿ ಪ್ರೂಫ್ ಕಳಿಸಿ ಆಯ್ತು. ಶ್ರದ್ಧಾಂಜಲಿ ಅಜ್ಜನ ಫೋಟೋದಲ್ಲಿ ಕಿವಿ ಕಟ್ ಆಗಿದೆ, ಬೇರೆ ಕೇಳಿದೀನಿ. ಈಗ ಮತ್ತೆ ಬ್ಯಾಂಡ್ ಪುಸ್ತಕ.

ಹದಿಮೂರನೇ ಬಾರ್ (ಸ್ವರದ ಸಾಲಿನ ಒಂದು ಮನೆ) ಇನ್ನೂ ಸರಿ ಇಲ್ಲ. ಮೆತ್ತಗೆ ಊದು ಅಂತ ಹೇಳೋ ಪಿ ಅಕ್ಷರ ಸ್ವರಗಳನ್ನ ಸೇರಿಸೋ ಕಮಾನಿನ ಮೇಲೆ ಹತ್ತಿ ಕೂತಿದೆ. ಪೇಜ್‌ಮೇಕರ್ ಆಗಿದ್ರೆ ಮೌಸ್‌ನಲ್ಲಿ ಹಿಡಿದು ಎಳೀತಿದ್ದೆ. ಸಂಗೀತ ಅಚ್ಚು ಮಾಡೋ ಈ ಲಿಲಿಪಾಂಡ್ ಸಾಫ್ಟ್‌ವೇರ್‌ನಲ್ಲಿ ಎಳೆಯೋ ಮಾತೇ ಇಲ್ಲ. ಎಲ್ಲಾ ಟೈಪ್ ಮಾಡ್ಬೇಕು. ಸ್ವರಕ್ಕೊಂದು ಅಕ್ಷರ, ಎಷ್ಟು ಹೊತ್ತು ಅನ್ನೋದಕ್ಕೊಂದು ಅಂಕಿ. ರನ್ ಕೊಟ್ರೆ ಐದು ಗೆರೆ ಮೇಲೆ ಸ್ವರ ಕೂತು ಪಿಡಿಎಫ್ ಆಗುತ್ತೆ. ಯಾವುದಾದ್ರೂ ಜರುಗಬೇಕು ಅಂದ್ರೆ ಎಷ್ಟು ಜರುಗಬೇಕು ಅಂತ ಬರೆದು ಕೊಡ್ಬೇಕು. ಮೈನಸ್ ಒಂದೂವರೆ ಕೊಟ್ಟೆ. ಜಾಸ್ತಿ ಆಯ್ತು, ಕೆಳಗಿನ ಸಾಲಿಗೇ ಬಿತ್ತು. ಮೈನಸ್ ಮುಕ್ಕಾಲು... ಕೂತ್ಕೊಳ್ತು.

ಒಂದು ಪಿಗೆ ನಲವತ್ತು ನಿಮಿಷ.

ಫೆ. ೫, ಬುಧವಾರ

ಮಿಲ್ ಬ್ಯಾಂಡಲ್ಲಿ ಕ್ಲಾರಿನೆಟ್ ನುಡಿಸೋ ರಂಗಪ್ಪ ಅಂಕಲ್ ಫೋನ್. "ಎಲ್ಲಿಗ್ ಬಂತವ್ವ?" ಮಾರ್ಚ್ ಒಂಬತ್ತಕ್ಕೆ ಕಾಗದನಗರದಲ್ಲಿ, ಮುಚ್ಚಿಹೋದ ಪೇಪರ್ ಮಿಲ್ಲಿನ ಹಳಬರ ಗೆಟ್ ಟುಗೆದರ್. ಅವತ್ತು ಮಿಲ್ ಬ್ಯಾಂಡಲ್ಲಿ ಉಳಿದಿರೋ ಎಂಟು ಜನ ಬ್ಯಾಂಡ್ ಕಲಿಸಿದ ಆರೋಗ್ಯಸ್ವಾಮಿ ಮಾಸ್ಟರ್ ಕಟ್ಟಿದ ಮಾರ್ಚ್ ಟ್ಯೂನ್ ನುಡಿಸ್ತಾರಂತೆ. ಮಾಸ್ಟರ್ ಕೈಲಿ ಬರೆದಿಟ್ಟ ಪುಸ್ತಕದ ಇಂಕು ಮಾಸಿಹೋಗಿದೆ, ಝೆರಾಕ್ಸ್ ತೆಗೆದ್ರೆ ಬರೀ ಬೂದಿ ಬಣ್ಣ. "ನೀನು ಡಿಟಿಪಿ ಮಾಡೋಳು, ಮಾಸ್ಟರ್ ಹತ್ರ ನೋಟ್ಸ್ ಓದೋದು ಕಲ್ತೋಳು, ಇನ್ಯಾರನ್ನ ಕೇಳ್ಲಿ" ಅಂತ ಹೋದ ತಿಂಗಳು ಅಂಗಡಿಗೆ ಬಂದು ಕೊಟ್ಟುಹೋದ್ರು.

ಕಲ್ತಿದ್ದು ನಿಜ. ಭಾನುವಾರ ಮಾಸ್ಟರ್ ಕ್ಲಬ್ಬಿನ ಹಿಂದಿನ ಶೆಡ್ಡಲ್ಲಿ ಮಿಲ್ ಕ್ವಾರ್ಟರ್ಸ್ ಮಕ್ಕಳನ್ನೆಲ್ಲ ಕೂರಿಸ್ಕೊಳ್ತಿದ್ರು. ಅರ್ಧ ತಮಿಳು ಅರ್ಧ ಕನ್ನಡ. "ಯೇಯ್ ಸುಮನಾ, ಸ್ವರ ಗೆರೆ ಮೇಲೆ ಉಟ್ಕಾರು, ನೀನು ಬೆಂಚ್ ಮೇಲೆ ಉಟ್ಕಾರು!" ಉಟ್ಕಾರು ಅಂದ್ರೆ ಕೂತ್ಕೋ. ಮರದ ಪಟ್ಟಿಗೆ ಐದು ರೀಫಿಲ್ ಸಿಗಿಸಿಕೊಂಡು ಒಂದೇ ಎಳೆತಕ್ಕೆ ಐದು ಗೆರೆ ಹಾಕ್ತಿದ್ರು. ಅವರ ಕೈ ನಡುಗಿದ್ರೆ ಐದೂ ಗೆರೆ ಒಟ್ಟಿಗೇ ನಡುಗೋದು. ಪುಸ್ತಕದ ತುಂಬಾ ಹಾಗೇ ಇದೆ.

ಪುಸ್ತಕ ಮನೆಗೆ ತಗೊಂಡು ಹೋಗಿಲ್ಲ. ಅಪ್ಪಾಜಿಗೆ ಹೇಳಿಯೂ ಇಲ್ಲ. ಆ ಬ್ಯಾಂಡಿನ ಮಾತು ನಮ್ಮನೇಲಿ ಮೂವತ್ತೆರಡು ವರ್ಷದಿಂದ ಇಲ್ಲ.

ಫೆ. ೭, ಶುಕ್ರವಾರ

ಯಾಕೆ ಇಲ್ಲ ಅನ್ನೋದೂ ಬರೆದಿಡ್ತೀನಿ. ಇಷ್ಟು ವರ್ಷದ ಡೈರಿಲಿ ಎಲ್ಲೂ ಬರೆದಿಲ್ಲ.

ಅಪ್ಪಾಜಿ ಯುಫೋನಿಯಂ ನುಡಿಸ್ತಿದ್ರು. ತೊಡೆ ಮೇಲೆ ಮಗು ಥರ ಕೂರೋ, ಊದೋ ದೊಡ್ಡ ಹಿತ್ತಾಳೆ ವಾದ್ಯ. ಆಗಸ್ಟ್ ಹದಿನೈದರ ಹಿಂದಿನ ದಿನ ಮನೆಗೆ ತರೋರು. ಅಮ್ಮ ಹುಣಸೆಹಣ್ಣು ಹಚ್ಚಿ ತಿಕ್ಕೋಳು, ನಾನು ಅದರ ಬಾಯಲ್ಲಿ ಮುಖ ನೋಡ್ಕೊಳ್ತಿದ್ದೆ. ಆಚೆ ಮಿಲ್ಲಿನ ವಾಸನೆ. ಬಂದೋರೆಲ್ಲ ಮೂಗು ಮುಚ್ಕೊಳ್ಳೋರು, ನಮಗೆ ಅದು ಮನೆ ವಾಸನೆ.

೯೩ರ ಜನವರಿ. ಸೋದರಮಾವನ ಆಲೆಮನೆಗೆ ಹೋಗಿದ್ವಿ. ಅಪ್ಪಾಜಿ ಗಾಣಕ್ಕೆ ಕಬ್ಬು ಕೊಡೋಕೆ ನಿಂತ್ರು, ಖುಷಿಗೆ. ಬಲಗೈ. ನಡುಬೆರಳು, ಉಂಗುರಬೆರಳು ಹೋದವು. ನಂಗೆ ಹದಿನೈದು. ಕೊಪ್ಪರಿಗೆ ಹತ್ರ ಬಿಸಿ ಬೆಲ್ಲ ತಿಂತಾ ಇದ್ದೆ.

ಯುಫೋನಿಯಂಗೆ ಬೆರಳಲ್ಲಿ ಒತ್ತೋ ಮೂರು ವಾಲ್ವ್, ಮೂರು ಬೆರಳು. ಅಲ್ಲಿಗೆ ಮುಗೀತು. ಡ್ಯೂಟಿಗೆ ವಾಪಸ್ ಹೋದ್ರು, ಬ್ಯಾಂಡಿಗೆ ಹೋಗ್ಲಿಲ್ಲ. "ಮಾಸ್ಟರು ಒಂದು ದಿನಾನೂ ಹೇಗಿದೀಯ ಅಂತ ಕೇಳ್ಲಿಲ್ಲ. ಬೆರಳು ಹೋದ ಮೇಲೆ ಮನುಷ್ಯನೂ ಬೇಡ" — ಒಂದೇ ಸಲ ಅಂದಿದ್ದು, ಊಟದ ಮುಂದೆ. ಆಮೇಲೆ ಎದುರಿಗೆ ಮಾಸ್ಟರ್ ಬಂದ್ರೆ ಸೈಕಲ್ ತಿರುಗಿಸೋರು. ಅವರು ತೀರ್ಕೊಂಡಾಗ ಮಣ್ಣಿಗೂ ಹೋಗ್ಲಿಲ್ಲ.

ಫೆ. ೧೧, ಮಂಗಳವಾರ. ಮಧ್ಯಾಹ್ನ

ಕ್ಲಾರಿನೆಟ್, ಟ್ರಂಪೆಟ್, ಯುಫೋ ೧ ಮುಗೀತು. ಕೊನೆಗೆ "ಯುಫೋ ೨" ಅಂತ ಒಂದು ಹಾಳೆ. ಬ್ಯಾಂಡಲ್ಲಿ ಇದ್ದಿದ್ದೇ ಒಂದು ಯುಫೋನಿಯಂ. ಎರಡನೇದು ಯಾರಿಗೆ?

ಟೈಪ್ ಮಾಡ್ತಾ ಹೋದೆ. ಏನೋ ವಿಚಿತ್ರ. ಇಡೀ ಹಾಳೆಲಿ ಎ ಸ್ವರ ಒಂದೂ ಇಲ್ಲ. ಬಿ ಫ್ಲ್ಯಾಟ್ ಇದೆ, ಎ ಇಲ್ಲ. ಕೆಳಗಿನ ಡಿ, ಇ ಕೂಡ ಇಲ್ಲ. ಟ್ಯೂನ್ ಮಾತ್ರ ಅದೇ. ಎ ಬರಬೇಕಾದ ಜಾಗದಲ್ಲೆಲ್ಲ ರೆಸ್ಟ್, ಊದದೆ ಸುಮ್ಮನಿರು ಅನ್ನೋ ಗುರುತು. ಎಲ್ಲಾ ಸಾಲು ಒಂದರ ಕೆಳಗೊಂದು ಜೋಡಿಸಿ ರನ್ ಕೊಟ್ಟೆ. ಈ ರೆಸ್ಟಿನ ನೇರಕ್ಕೆ ಮೇಲೆ ಕ್ಲಾರಿನೆಟ್‌ನಲ್ಲಿ ಆ ಸ್ವರ ಇದೆ. ಪ್ರತಿ ಸಲ.

ರಂಗಪ್ಪ ಅಂಕಲ್‌ಗೆ ಫೋನ್ ಮಾಡಿದೆ. ಈ ಎರಡನೇ ಯುಫೋ ಯಾರದು ಅಂತ ಕೇಳ್ದೆ.

"ಅದು ನಿಮ್ಮಪ್ಪಂದು ಕಣವ್ವ. ಬರೀ ತೋರುಬೆರಳಿಗೆ ಬರೆದಿದ್ದು. ಒಂದನೇ ವಾಲ್ವ್ ಒತ್ತಿದ್ರೆ ಬರೋದು, ಏನೂ ಒತ್ತದೆ ಬರೋದು, ಅಷ್ಟೇ ಸ್ವರ. ಮಿಕ್ಕಿದ್ದು ನಾನು ಕ್ಲಾರಿನೆಟ್‌ನಲ್ಲಿ ತುಂಬಬೇಕು ಅಂತ ಮಾಸ್ಟರ್ ಆರ್ಡರ್. ಎರಡು ತಿಂಗಳು ಕೂತು ಬರೆದ್ರು."

"ಮತ್ತೆ ಅಪ್ಪಾಜಿಗೆ ಯಾಕೆ ಕೊಡ್ಲಿಲ್ಲ ಅಂಕಲ್?"

"ನಾನೇ ತಂದಿದ್ದೆ ನಿಮ್ಮನೆ ಬಾಗಿಲಿಗೆ..." ನಿಲ್ಲಿಸಿದ್ರು. "ನಿಮ್ಮ ತಾಯೀನ ಕೇಳು. ನಾನು ಹೇಳೋದು ಸರಿಯಲ್ಲ."

ಅಂಗಡಿ ಬಾಗಿಲು ಬೇಗ ಹಾಕ್ದೆ.

ಫೆ. ೧೨, ಬುಧವಾರ. ಬೆಳಗ್ಗೆ

ಅಮ್ಮ ಅವರೆಕಾಯಿ ಬಿಡಿಸ್ತಾ ಕೂತಿದ್ಲು. ಅಪ್ಪಾಜಿ ವಾಕಿಂಗ್ ಹೋಗಿದ್ರು. ಕೇಳ್ದೆ. ಕೈಯಲ್ಲಿದ್ದ ಕಾಯಿ ಕೆಳಗಿಟ್ಲು.

"ಮೂರು ಸಲ ಬಂದಿದ್ದ ರಂಗಪ್ಪ. ಮೂರು ಸಲಾನೂ ನಿಮ್ಮಪ್ಪಂಗೆ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡು ನಾನೇ ವಾಪಸ್ ಕಳ್ಸಿದೆ."

"ಯಾಕಮ್ಮ?"

"ನೀನು ನೋಡಿಲ್ಲ. ಆ ಮನುಷ್ಯ ಟವೆಲ್ ಒಳಗೆ ಕೈ ಬಚ್ಚಿಟ್ಕೊಂಡು ಉಣ್ತಿತ್ತು. ಬ್ಯಾಂಡಿನ ಸದ್ದು ಕೇಳ್ಸಿದ್ರೆ ಎದ್ದು ಕಿಟಕಿ ಹಾಕೋದು. ಮತ್ತೆ ಕರ್ಕೊಂಡ್ಹೋಗಿ, ಅಲ್ಲಿ ಊದೋಕೆ ಬರದೆ ಹೋದ್ರೆ ಏನ್ಗತಿ ಅಂತ ಹೆದರ್ಕೊಂಡೆ. ಗಾಯ ಒಣಗಲಿ, ಆಮೇಲೆ ಹೇಳಣ ಅಂದ್ಕೊಂಡೆ. ಆಮೇಲೆ ಅನ್ನೋದು ಬರ್ಲೇ ಇಲ್ಲ. ಮಾಸ್ಟರೂ ಹೋದ್ರು. ಇನ್ನು ಯಾವ ಮುಖ ಇಟ್ಕೊಂಡು ಹೇಳೋದು?"

ನಾನು ಬೈಯ್ಬೇಕು ಅಂತ ಹೋಗಿದ್ದು. ಬೈಯ್ಲಿಲ್ಲ. ಜೊತೆಗೆ ಕೂತು ಅವರೆಕಾಯಿ ಬಿಡಿಸಿದೆ.

"ನಾನು ಹೇಳ್ಲಾ ಅಪ್ಪಾಜಿಗೆ?" ಅಂದೆ.

"ಬೇಡ. ಮಾಡ್ದೋಳು ನಾನು. ನಾನೇ ಹೇಳ್ತೀನಿ."

ಫೆ. ೧೪, ಶುಕ್ರವಾರ

ಹೇಳಿದ್ಲು. ಬೆಳಗ್ಗೆ ಕಾಫಿ ಕೊಟ್ಟು, ಎದುರಿಗೆ ನಿಂತು. "ರೀ, ನನ್ನಿಂದ ಒಂದು ತಪ್ಪಾಗಿದೆ" ಅಂತ ಶುರು ಮಾಡಿ ಪೂರ್ತಿ ಹೇಳಿದ್ಲು. ನಾನು ಮೆಟ್ಟಿಲ ಮೇಲೆ ಇದ್ದೆ.

ಅಪ್ಪಾಜಿ ಕೇಳಿದ್ದು ಒಂದೇ. "ಎಷ್ಟು ಸಲ ಬಂದಿದ್ದ?"

"ಮೂರು."

ಚಪ್ಪಲಿ ಹಾಕ್ಕೊಂಡು ಹೊರಟ್ರು. ಹನ್ನೆರಡು ಗಂಟೆ ಆದ್ರೂ ಇಲ್ಲ. ಸ್ಕೂಟಿ ತಗೊಂಡು ನಮ್ಮ ಹೊಸಮನೆ ಬಡಾವಣೆಯ ಎಲ್ಲಾ ಕ್ರಾಸ್ ಸುತ್ತಿದೆ. ಕೊನೆಗೆ ರಾಗಿಗುಡ್ಡದಲ್ಲಿ ಸಿಕ್ಕಿದ್ರು, ಒಂದು ಬಂಡೆ ಮೇಲೆ. ಎಪ್ಪತ್ತಾರು ವರ್ಷ, ಮಂಡಿ ನೋವು, ಹೇಗೆ ಹತ್ತಿದ್ರೋ. ಹಿಂದೆ ಕೂತ್ರು.  ಮನೆಗೆ ಬಂದೋರು ಅಮ್ಮನ ಜೊತೆ ಮಾತು ಬಿಟ್ರು.

ಫೆ. ೨೪, ಸೋಮವಾರ

ಹತ್ತು ದಿನ ಏನೂ ಬರೆದಿಲ್ಲ. ಬರೆಯೋಕೆ ಏನೂ ಇರ್ಲಿಲ್ಲ. ಮನೇಲಿ ತಟ್ಟೆ ಸದ್ದು, ಟಿವಿ ಸದ್ದು. ಅಮ್ಮ ಸಣ್ಣಗೆ ಆಗಿದಾಳೆ.

ಇವತ್ತು ಹನ್ನೊಂದಕ್ಕೆ ಅಪ್ಪಾಜಿ ಅಂಗಡಿಗೆ ಬಂದ್ರು. ಆಟೋದಲ್ಲಿ. ಕುರ್ಚಿ ಎಳ್ಕೊಂಡು ಕೂತ್ರು.

"ತೋರ್ಸು."

ಯುಫೋ ೨ ತೆಗೆದೆ. "ಇರುವೆ ಸಾಲು ಇದ್ದಂಗಿದೆ. ಯಾರು ಓದ್ತಾರೆ ಇದನ್ನ?" ಅಂದ್ರು. ಸ್ಟಾಫ್, ಅಂದ್ರೆ ಆ ಐದು ಗೆರೆ, ಸೈಜ್ ಇಪ್ಪತ್ತಿಂದ ಇಪ್ಪತ್ತಾರು ಮಾಡಿದೆ. ಸಾಲಿಗೆ ಏಳೆಂಟು ಬಾರ್ ತುರುಕಿತ್ತು. ಬ್ರೇಕ್ ಹಾಕಿ ಹಾಕಿ ನಾಲ್ಕು ನಾಲ್ಕು ಮಾಡಿದೆ, ಮಾಸ್ಟರ್ ಬರೆದಿದ್ದ ಹಾಗೇ. ಎರಡು ಪುಟ ಆಯ್ತು. ಪುಟ ತಿರುಗಿಸೋಕೆ ಆ ಕೈಲಿ ಆಗಲ್ಲ ಅಂತ ಎರಡನ್ನೂ ಅಕ್ಕಪಕ್ಕ ಬರೋ ಹಾಗೆ ದೊಡ್ಡ ಎ-ತ್ರೀ ಹಾಳೇಲಿ ಕೂರಿಸಿದೆ. ಪ್ರಿಂಟ್ ತೆಗೆದು ಮುಂದಿಟ್ಟೆ.

ಓದಿದ್ರು. ಮೇಜಿನ ಅಂಚಿನ ಮೇಲೆ ತೋರುಬೆರಳು ಒತ್ತುತ್ತೆ, ಬಿಡುತ್ತೆ. ಒತ್ತುತ್ತೆ, ಬಿಡುತ್ತೆ. ನಾನು ಮಾನಿಟರ್ ಕಡೆ ನೋಡ್ತಾ ಕೂತೆ.

"ಇದೇನು, ಉಸಿರೇ ಇಲ್ವಲ್ಲ?"

"ಅಂದ್ರೆ?"

"ಉಸಿರು ತಗೊಳ್ಳೋ ಗುರುತು. ಗೆರೆ ಮೇಲೆ ಕಾಮಾ ಥರ. ಮಾಸ್ಟರ್ ಹಾಕ್ದೇ ಇರಲ್ಲ."

ಪುಸ್ತಕ ತೆಗೆದೆ. ಇತ್ತು. ಎರಡೆರಡು ಬಾರಿಗೆ ಒಂದೊಂದು. ಇಂಕಿನ ಚುಕ್ಕೆ ಅಂದ್ಕೊಂಡು ಬಿಟ್ಟುಬಿಟ್ಟಿದ್ದೆ. ಬೇರೆ ಯಾರ ಹಾಳೆಲೂ ಅಷ್ಟು ಇಲ್ಲ. ಅಪ್ಪಾಜಿ ಪುಸ್ತಕ ಹತ್ರ ಎಳ್ಕೊಂಡು ಒಂದೊಂದರ ಮೇಲೂ ಬೆರಳಿಟ್ಟು ನೋಡಿದ್ರು.

"ನನ್ನ ಉಸಿರು ಎಲ್ಲಿಗೆ ಮುಗಿಯುತ್ತೆ ಅಂತ ಆ ಮನುಷ್ಯಂಗೆ ಗೊತ್ತಿತ್ತು." ಕನ್ನಡಕ ತೆಗೆದು, "ನಾನು ಸೈಕಲ್ ತಿರುಗಿಸ್ಕೊಂಡು ಹೋಗ್ತಿದ್ದೆನಲ್ಲೇ ಸುಮ್ಮಿ..."

 ಕನ್ನಡಕ ಒರೆಸ್ಕೊಂಡ್ರು. ಎಲ್ಲಾ ಕಾಮಾ ಹಾಕ್ದೆ. ಕೆಲವು ಕಮಾನಿಗೆ ತಾಗ್ತಿದ್ವು, ಒಂದೊಂದನ್ನೂ ಮೇಲೆ ಎತ್ತಿದೆ.

"ಈಗ ಅಷ್ಟೂ ಉಸಿರಿಲ್ಲ. ಕೊನೇ ಸಾಲಲ್ಲಿ ಇನ್ನೆರಡು ಹಾಕು."

ಹಾಕ್ದೆ. ಅಪ್ಪಾಜಿ ನುಡಿಸ್ತಾರೆ ಅಂತ ಫೋನ್ ಮಾಡಿ ಹೇಳಿದ್ದಕ್ಕೆ ರಂಗಪ್ಪ ಅಂಕಲ್ "ಹೌದಾ? ಹೌದಾ?" ಅಂತ ನಾಲ್ಕು ಸಲ ಕೇಳಿದ್ರು.

ಫೆ. ೨೬, ಶಿವರಾತ್ರಿ

ಅಮ್ಮಂಗೆ ಉಪವಾಸ. ಪೂಜೆ ಮುಗಿಸಿ ಅಪ್ಪಾಜಿ ತಾವೇ ಬಾಳೆಹಣ್ಣು ಸುಲಿದು ತಟ್ಟೇಲಿಟ್ಟು ಅವಳ ಮುಂದೆ ಜರುಗಿಸಿದ್ರು. "ತಗೋ, ತಲೆ ತಿರುಗುತ್ತೆ." ಅಮ್ಮನ ಜೊತೆ ಹನ್ನೆರಡು ದಿನಕ್ಕೆ ಮೊದಲ ಮಾತು. ಅಮ್ಮ ತಿಂದ್ಲು. ಅಳು ಬಂದಿದ್ದಕ್ಕೆ ಅಡುಗೆಮನೆಗೆ ಹೋದ್ಲು.

ಹತ್ತು ಗಂಟೆಗೆ ರಂಗಪ್ಪ ಅಂಕಲ್, ಭದ್ರಾವತಿಯಿಂದ. ಮದುವೆ ಬ್ಯಾಂಡಿನವರ ಹತ್ರ ಕೇಳಿ ತಂದಿದ್ದು, ಹಳೇ ಬೆಡ್‌ಶೀಟಲ್ಲಿ ಸುತ್ತಿದ ಯುಫೋನಿಯಂ. ಎರಡು ಕಡೆ ನೆಗ್ಗಿದೆ.

ಅಪ್ಪಾಜಿ ಬಾಗಿಲಲ್ಲಿ ನಿಂತಿದ್ರು. "ಮೂರ್ ಸಲ ಬಂದಿದ್ಯಂತೆ."

"ಇದು ನಾಲ್ಕನೇದು ಮಾರಾಯ. ಒಳಗೆ ಬಿಡ್ತೀಯೋ ಇಲ್ವೋ, ತೋಳು ಬಿದ್ದೋಗ್ತಿದೆ."

ಅಪ್ಪಾಜಿ ಮೊದಲ ಸಲ ಊದಿದ್ದಕ್ಕೆ ಬರೀ ಗಾಳಿ. ಎರಡನೇದಕ್ಕೆ ಹಲ್ಲಿನ ಸೆಟ್ ಜಾರ್ತು. ಮೂರನೇದು — ಎಮ್ಮೆ ಕೂಗಿದ ಹಾಗೆ. ಪಕ್ಕದ ಮನೆ ಜಲಜಮ್ಮ ಕಾಂಪೌಂಡ್ ಮೇಲಿಂದ ಇಣುಕಿ "ಏನಾಯ್ತ್ರೀ?" ಅಂದ್ರು. ಒಳಗಿಂದ ಅಮ್ಮ ಜೋರಾಗಿ ನಕ್ಕಿದ್ದು ಕೇಳಿಸ್ತು.

ಮಾರ್ಚ್ ೪, ಮಂಗಳವಾರ

ಅಪ್ಪಾಜಿ ದಿನಾ ಬೆಳಗ್ಗೆ ಅರ್ಧ ಗಂಟೆ ಊದ್ತಾರೆ. ತುಟಿ ಊದಿದೆ. ಕೊನೇ ಸಾಲಿನ ಮೇಲಿನ ಜಿ ಬರ್ತಿಲ್ಲ. "ಕೆಳಗಿನ ಜಿ ಹಾಕ್ಲಾ ಅಪ್ಪಾಜಿ? ಟೈಪ್ ಮಾಡಿದ ಅಕ್ಷರದ ಪಕ್ಕದ ಒಂದು ಗುರುತು ಅಳಿಸಿದ್ರೆ ಆಯ್ತು" ಅಂದೆ. "ಅದನ್ನ ಮುಟ್ಟಬೇಡ" ಅಂದ್ರು.

ಮಾರ್ಚ್ ೯, ಭಾನುವಾರ. ಸಂಜೆ ೬

ಈಗ ಬಂದ್ವಿ. ಕಾಲು ತೊಳೆದು ಬರೀತಿದೀನಿ.

ಕಾಗದನಗರ. ನಮ್ಮ ಕ್ವಾರ್ಟರ್ಸಿನ ಗೇಟಿಗೆ ಬಳ್ಳಿ ಹಬ್ಬಿದೆ. ಅಡುಗೆಮನೆ ಕಿಟಕಿಗೆ ಅಮ್ಮ ಕಟ್ಟಿದ್ದ ತಂತಿ ಹಾಗೇ ಇದೆ. ಉಸಿರೆಳೆದು ನೋಡಿದೆ, ಮಿಲ್ಲಿನ ವಾಸನೆ ಇಲ್ಲ. ಬರೀ ಹುಲ್ಲಿನ ವಾಸನೆ. ಬೇರೆ ಊರಿಗೆ ಬಂದ ಹಾಗಾಯ್ತು.

ಎಂಟಲ್ಲ, ಒಂಬತ್ತು ಜನ ಕೂತ್ರು. ಅಪ್ಪಾಜಿ ಬಲಗೈ ಮೇಲೆ ಟವೆಲ್ ಇರ್ಲಿಲ್ಲ. ಹಾಳೆ ಗಾಳಿಗೆ ಹಾರದ ಹಾಗೆ ನಾಲ್ಕು ಕ್ಲಿಪ್ ಹಾಕಿಕೊಟ್ಟೆ. ರಂಗಪ್ಪ ಅಂಕಲ್ ತಲೆ ಆಡಿಸಿದ್ರು, ಶುರು.

ಅಪ್ಪಾಜಿ ಸ್ವರ ಎಲ್ಲಿ ನಿಲ್ಲುತ್ತೋ ಅಲ್ಲಿ ಕ್ಲಾರಿನೆಟ್ ಎತ್ಕೊಳ್ತಿತ್ತು. ಪಿಡಿಎಫ್‌ನಲ್ಲಿ ಇಷ್ಟು ದಿನ ನೋಡಿದ್ದೇ. ಇವತ್ತು ಅದನ್ನ ಕಿವಿಲಿ ಕೇಳ್ದೆ. ಇಪ್ಪತ್ಮೂರನೇ ಬಾರಲ್ಲಿ ತಪ್ಪಿದ್ರು, ಎರಡು ಬಾರ್ ಬಿಟ್ಟು ಸೇರ್ಕೊಂಡ್ರು. ಕೊನೇ ಸಾಲಿನ ಜಿ ಬರ್ಲಿಲ್ಲ. ಬರೀ ಗಾಳಿ. ಕೆನ್ನೆ ಇಳಿಸ್ದೆ ಅದನ್ನ ಪೂರ್ತಿ ನಾಲ್ಕು ಎಣಿಕೆ ಊದಿದ್ರು, ಸದ್ದಿಲ್ಲದೆ.

ಊಟಕ್ಕೆ ನಿಲ್ಲಲಿಲ್ಲ. "ಮಾಸ್ಟರ್ ಹತ್ರ ಹೋಗ್ಬೇಕು" ಅಂದ್ರು. ರಂಗಪ್ಪ ಅಂಕಲ್ ಸಮಾಧಿ ತೋರಿಸಿದ್ರು, ಚರ್ಚಿನವರ ಸ್ಮಶಾನದ ಹಿಂದಿನ ಸಾಲು. ಅಪ್ಪಾಜಿ ಚಪ್ಪಲಿ ಬಿಟ್ಟು ನಿಂತ್ರು. ಅಮ್ಮ ಸೆರಗು ಹೊದ್ದು ಮುಂದೆ ಹೋಗಿ ಮಂಡಿಯೂರಿ ಕಲ್ಲು ಮುಟ್ಟಿ ಕಣ್ಣಿಗೊತ್ಕೊಂಡ್ಲು. "ನಾನು ಬಾಗಿಲು ಹಾಕ್ಬಾರ್ದಿತ್ತು ಮಾಸ್ಟ್ರೇ" ಅಂದ್ಲು, ಅವರು ಎದುರಿಗೆ ನಿಂತಿದಾರೆ ಅನ್ನೋ ಹಾಗೆ. ಅಪ್ಪಾಜಿ ಅವಳ ಮೊಣಕೈ ಹಿಡಿದು ಎಬ್ಬಿಸಿದ್ರು. ಬಲಗೈಲಿ.

ಮಾರ್ಚ್ ೧೦, ಸೋಮವಾರ. ಬೆಳಗ್ಗೆ ೭.೧೫

ಕಾಫಿ ಕುಡಿಯೋವಾಗ ಅಪ್ಪಾಜಿ: "ಆ ಪುಸ್ತಕದಲ್ಲಿ ಇನ್ನೆಷ್ಟು ಮಾರ್ಚ್ ಇದೆ?"

"ಹನ್ನೊಂದು. ಆದ್ರೆ ಅದಕ್ಕೆಲ್ಲ ಯುಫೋ ೨ ಇಲ್ಲ ಅಪ್ಪಾಜಿ."

"ಇಲ್ದಿದ್ರೆ ಬರಿ."

"ನಾನು ಲಗ್ನಪತ್ರಿಕೆ ಮಾಡೋಳು. ಸಂಗೀತ ಬರೆಯೋಕೆ ನಂಗೆಲ್ಲಿ ಬರುತ್ತೆ?"

"ಯಾವ ಸ್ವರ ಬರುತ್ತೆ, ಯಾವುದು ಬರಲ್ಲ, ನಾನು ಊದಿ ಹೇಳ್ತೀನಿ. ನೀನು ಟೈಪ್ ಮಾಡು."

ಲ್ಯಾಪ್‌ಟಾಪ್ ಕೆಳಗೇ ತಂದಿದೀನಿ. ಹೊಸ ಫೈಲ್. ಪುಸ್ತಕದ ಎರಡನೇ ಮಾರ್ಚ್. ಮೊದಲ ಬಾರ್: ಸಿ, ಎಫ್, ಎಫ್, ಆಮೇಲೆ ಎ... ಎ ಆಗಲ್ಲ. ರೆಸ್ಟ್ ಹಾಕಿ ರಂಗಪ್ಪ ಅಂಕಲ್‌ಗೆ ಕೊಡ್ಲಾ, ಇಲ್ಲ ಮೇಲಿನ ಸಿ ಸ್ವರಕ್ಕೇ ಹಾರಿಸ್ಲಾ? ಕೇಳ್ದೆ. "ತಡಿ, ಊದಿ ನೋಡ್ತೀನಿ" ಅಂದ್ರು. ಹಲ್ಲಿನ ಸೆಟ್ ಒತ್ಕೊಂಡ್ರು. ಊದ್ತಿದಾರೆ... ಹಾರಿಸಿದ್ದೇ ಚೆನ್ನಾಗಿದೆ. ಅಮ್ಮ ದೋಸೆ ಬಿಟ್ಟು ಬಾಗಿಲಿಗೆ ಬಂದು ನಿಂತಿದಾಳೆ. ಎರಡನೇ ಬಾರ್ — ಬಿ ಫ್ಲ್ಯಾಟ್, ಸಿ, ಮತ್ತೆ...