ಹಳೆಯ ಯಂತ್ರದ ಮೇಲಿನ ಹೆಸರು

ಪ್ರೀತಿಯ ತಂಗಿ ಆರ್ಡಿಸ್,

ಕೇಂದ್ರದ ಚುನಾವಣಾ ಅನುದಾನದಲ್ಲಿ ನೀನು ನಡೆಸುವ ಕೌಂಟಿ ಚುನಾವಣಾ ಕಚೇರಿಗೆ ಮತ ಎಣಿಸುವ ಹೊಸ ಯಂತ್ರ ಬಂತಂತೆ, ಸಂತೋಷ. ಕೌಂಟಿಯೂ ತನ್ನ ಪಾಲು ಹಾಕಿದರೆ ತಾನೇ ಅನುದಾನ. ನಮ್ಮ ಕೌಂಟಿ ಮಂಡಳಿಯವರು ಆ ಪಾಲಿನ ಹಣದಲ್ಲಿ ಹಿಮ ತಳ್ಳುವ ಗಾಡಿ ಕೊಂಡರು, ಅನುದಾನ ಕೈತಪ್ಪಿತು. ನನ್ನ ಚುನಾವಣಾ ಕಚೇರಿಯ ಯಂತ್ರ ಕೆಟ್ಟು ಕೂತಿದೆ.

ನಿನ್ನ ಹೊಸ ಯಂತ್ರವನ್ನು ನೋಡಿಬಂದ ನಮ್ಮೆಜಮಾನರು ಊಟಕ್ಕೆ ಕೂತಾಗಲೆಲ್ಲ, "ಮತಪತ್ರ ಇಟ್ರೆ ಬೆಣ್ಣೆ ಹಂಗೆ ಜಾರುತ್ತೆ ಕಣೇ. ನಿನ್ ತಂಗಿ ಜಾಣೆ ಬಿಡು" ಅನ್ನುತ್ತಾರೆ. ನಿನ್ನೆ ಊಟದ ಕೊನೆಗೆ ಅವರಿಗೆ ಸಿಹಿ ಪೈ ಬಡಿಸಲಿಲ್ಲ.

ನಿನ್ನ ಹಳೆಯ ಯಂತ್ರ ಮೂಲೆಯಲ್ಲಿ ಬಿದ್ದಿದೆಯಂತೆ. ನವೆಂಬರಿನ ಚುನಾವಣೆಗೆ ಮೊದಲು ಅದನ್ನು ನಮಗೆ ಕೊಡು. ಕಳಿಸುವಾಗ ಅದರ ಮೇಲಿನ ನಿಮ್ಮ ಕೌಂಟಿಯ ಹೆಸರನ್ನು ಕೆರೆದುಬಿಡು, ಗೀರು ಬಿದ್ದರೂ ಚಿಂತೆಯಿಲ್ಲ. ನನ್ನ ಹಳೆಯ ಕೋಟುಗಳನ್ನು ನಿನಗೆ ತೊಡಿಸುವ ಮೊದಲು ಅಮ್ಮ ಕಾಲರಿನಲ್ಲಿ ಹೊಲಿದಿದ್ದ ನನ್ನ ಹೆಸರನ್ನು ಬಿಚ್ಚುತ್ತಿದ್ದಳಲ್ಲ, ಹಾಗೆ.

ನಿನ್ನ ಅಕ್ಕ,
ವರ್ನಾ