ಅವರು ತಿಂದ ಚಿಪ್ಪು, ನಮ್ಮ ಬೀದಿಯ ತೂಕ

ನಗರದ ಕಸ ತೂಗುವ ಮಾನ್ಯ ಅಧಿಕಾರಿಗಳೇ,

ಕಳೆದ ಜೂನ್ ಹದಿನಾಲ್ಕರಂದು ‘ಅತಿ ಕಡಿಮೆ ಕಸದ ಬೀದಿ’ ಎಂಬ ಫಲಕವನ್ನು ನೀವು ನಮ್ಮ ಟ್ಯಾನರ್ ಬೀದಿಗೆ ಕೊಡದೆ ಪಕ್ಕದ ಹಾರ್ಟ್‌ಲೆನ್ ಬೀದಿಗೆ ಕೊಟ್ಟಿರಿ. ಇದು ಅನ್ಯಾಯ. ನನಗೆ ಹೊಟ್ಟೆಕಿಚ್ಚು ಎನ್ನುವಿರಾ? ಹೌದು, ಇದೆ. ಬ್ರೆಡ್ ತರಲು ಹತ್ತಿರದ ದಾರಿಯಿದ್ದರೂ ಆ ಫಲಕದ ಮುಂದೆಯೇ ಸುತ್ತಿಹೋಗುತ್ತೇನೆ; ಅದರ ಒಂದು ಮೊಳೆ ಸಡಿಲವಾಗಿರುವುದನ್ನು ಕಂಡು ಸಂತೋಷಪಟ್ಟಿದ್ದೇನೆ. ಆದರೆ ಹೊಟ್ಟೆಕಿಚ್ಚಿನವನ ಮಾತೆಲ್ಲ ಸುಳ್ಳೆಂಬ ನಿಯಮವಿದೆಯೇ? ನಿಮ್ಮ ಹನ್ನೆರಡು ಪುಟಗಳ ನಿಯಮಾವಳಿಯಲ್ಲಂತೂ ಇಲ್ಲ. ಎರಡು ಸಲ ಓದಿದ್ದೇನೆ.

ಇಪ್ಪತ್ತಾರು ವರ್ಷಗಳ ಹಿಂದೆ ಗೊಬ್ಬರವಾಗುವ ಹಸಿ ಕಸಕ್ಕೆಂದು ಹಸಿರು ತೊಟ್ಟಿಗಳು ಬಂದಾಗ ಎರಡೂ ಬೀದಿಗಳ ಮನೆಮನೆಗೆ ಹೋಗಿ ಬೇರ್ಪಡಿಸುವುದನ್ನು ಕಲಿಸಿದವರು ನಮ್ಮ ಬೀದಿಯ ವರ್ನಾ ಜ್ವಿಕರ್. ಈಗ ಅವರಿಗೆ ಎಂಬತ್ತೊಂದು. ಪ್ರತಿ ಜೂನ್‌ನಲ್ಲಿ ನಮ್ಮ ಬೀದಿಯ ಚರ್ಚಿನ ಸಭಾಂಗಣದಲ್ಲಿ ಎರಡೂ ಬೀದಿಗಳಿಗೆ ಗಟ್ಟಿ ಚಿಪ್ಪಿನ ಕಡಲ ಲಾಬ್‌ಸ್ಟರ್‌ಗಳ ಊಟ ಹಾಕಿಸುವವರೂ ಅವರೇ. ಹಸಿರು ತೊಟ್ಟಿಯ ಗಾಡಿ ಬರುವುದು ಎರಡು ವಾರಕ್ಕೊಮ್ಮೆ. ಅಲ್ಲಿಯವರೆಗೆ ನಾರದಿರಲೆಂದು ಉಳಿದ ಚಿಪ್ಪನ್ನೆಲ್ಲ ನಮ್ಮ ಬೀದಿಯ ಹತ್ತೊಂಬತ್ತು ಮನೆಗಳು ಹಂಚಿಕೊಂಡು ಫ್ರೀಜರಿನಲ್ಲಿಡುತ್ತೇವೆ. ಗಾಡಿಯ ದಿನ ಬೆಳಿಗ್ಗೆ ತೊಟ್ಟಿಗೆ ಹಾಕುತ್ತೇವೆ. ಈ ವರ್ಷ ಸರಿಯಾಗಿ ಅದೇ ಬೆಳಿಗ್ಗೆ ನಿಮ್ಮವರು ತಕ್ಕಡಿ ತಂದು, ಹಸಿ, ಒಣ ಎಲ್ಲವನ್ನೂ ಒಟ್ಟಿಗೆ ತೂಗಿದರು! ಹಾರ್ಟ್‌ಲೆನ್‌ನವರು ಬೆಣ್ಣೆ ಮೆತ್ತಿದ ಬಾಯಿ ಒರೆಸಿಕೊಂಡು, ಕೈಬೀಸಿಕೊಂಡು ಮನೆಗೆ ಹೋಗಿದ್ದರು. ಕಸ ಕಡಿಮೆ ಮಾಡಲು ಇಲಾಖೆ ಮೆಚ್ಚುವ ವಿಧಾನ ಇದೇ ಏನು, ಪಕ್ಕದ ಬೀದಿಯಲ್ಲಿ ಉಣ್ಣುವುದು?

ಫಲಕ ತೂಗುಹಾಕಿದ ದಿನ ಆ ಬೀದಿಯ ಕರ್ಟಿಸ್ ನಾಗಲ್ ನನ್ನನ್ನು ಕಂಡು ನಕ್ಕ: “ಏನಯ್ಯಾ ಲಾಯ್ಡ್, ನಿಮ್ಮ ಬೀದಿಯೋರು ತಿನ್ನೋದು ಜಾಸ್ತಿಯೋ, ಎಸೆಯೋದು ಜಾಸ್ತಿಯೋ?”

“ನೀನು ತಿಂದ ಮೂರು ಲಾಬ್‌ಸ್ಟರಿನ ಚಿಪ್ಪೂ ನನ್ನ ಫ್ರೀಜರಲ್ಲೇ ಇತ್ತು ಕಣೋ!”

“ಅದರ ಮೇಲೆ ನನ್ನ ಹೆಸರಿತ್ತಾ?”

ವರ್ನಾ ಅಲ್ಲೇ ನಿಂತಿದ್ದರು. “ಸಾಕು ಬಿಡ್ರಪ್ಪಾ. ಮುಂದಿನ ವರ್ಷ ಊಟಾನೇ ಬೇಡ. ಕಸಾನೂ ಇರಲ್ಲ, ಜಗಳಾನೂ ಇರಲ್ಲ,” ಎಂದರು. ಮರುದಿನ ಸಭಾಂಗಣದ ಕೀಲಿಯನ್ನು ಚರ್ಚಿಗೆ ಹಿಂದಿರುಗಿಸಿದರು.

ನಿಮ್ಮ ತಕ್ಕಡಿಗೆ ಇದರ ತೂಕ ಸಿಕ್ಕಿತೇ?

ಫಲಕ ಅಲ್ಲೇ ಇರಲಿ ಎನ್ನುವಷ್ಟು ದೊಡ್ಡ ಮನಸ್ಸು ನನ್ನದಲ್ಲ, ಅದೂ ಬೇಕು. ಆದರೆ ಮೊದಲು ಬೇಕಾದದ್ದು ಉತ್ತರ: ಗೊಬ್ಬರವಾಗಲಿರುವ ಚಿಪ್ಪು ಕಸವಾದದ್ದು ಹೇಗೆ, ಇತರರು ತಿಂದದ್ದು ನಮ್ಮ ಲೆಕ್ಕಕ್ಕೆ ಬಂದದ್ದು ಹೇಗೆ? ವರ್ನಾ ಓದಿ ಆ ಕೀಲಿಯನ್ನು ಮತ್ತೆ ಕೈಗೆತ್ತಿಕೊಳ್ಳುವಂತೆ, ಈ ಪತ್ರ ಅಚ್ಚಾಗುತ್ತಿರುವ ಇದೇ ಪತ್ರಿಕೆಯಲ್ಲಿ, ನಿಮ್ಮ ಸಹಿಯೊಂದಿಗೆ ಉತ್ತರಿಸಿ.

ಇಂತಿ,
ಐಸ್‌ಕ್ರೀಮಿಗೂ ಕಡಲ ವಾಸನೆ ಹತ್ತಿಸಿಕೊಂಡ,
ಲಾಯ್ಡ್ ಕೋಮೊ
ಟ್ಯಾನರ್ ಬೀದಿ, ನೋವಾ ಸ್ಕೋಷಿಯಾ