ನೀವು ಕೇಳಿದ್ದಕ್ಕೆ ಥ್ಯಾಂಕ್ಸ್

ಗುಂಡ್ಲುಪೇಟೆ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಶಿವರಂಜಿನಿ ಮೇಡಂ ಅವರಿಗೆ ಕುಮಾರಿಯ ನಮಸ್ಕಾರಗಳು.

ಯಾವ ಕುಮಾರಿ ಎಂದು ನೀವು ಯೋಚಿಸಬಹುದು. ಮೊನ್ನೆ ಶುಕ್ರವಾರ ಬದನಗುಪ್ಪೆಯ ನಿಮ್ಮ ಹೊಲಿಗೆ ಫ್ಯಾಕ್ಟರಿಗೆ ಇಂಟರ್‌ವ್ಯೂಗೆ ಬಂದವರಲ್ಲಿ, ಪವರ್ ಮಿಷನ್ ಮೇಲೆ ಕಾಲಿಟ್ಟ ಕೂಡಲೇ ಬಟ್ಟೆಯನ್ನು ಓಡಿಸಿಬಿಟ್ಟವಳು ನಾನು. ಹಳದಿ ಚೂಡಿದಾರ ಹಾಕಿದ್ದೆ. ಈಗ ನೆನಪಾಗಿರುತ್ತದೆ.

ಥ್ಯಾಂಕ್ಸ್ ಹೇಳಲು ಬರೆಯುತ್ತಿದ್ದೇನೆ. ಇದಕ್ಕೇ ನಮ್ಮ ಮನೆಯಲ್ಲಿ ಜಗಳ. ದೊಡ್ಡಪ್ಪನ ಮಗಳು ಅನು ಅಕ್ಕ ಚಾಮರಾಜನಗರದ ಒಂದು ಆಫೀಸಿನಲ್ಲಿದ್ದಾಳೆ. ಅವಳು ಫೋನಿನಲ್ಲಿ, "ಇಂಟರ್‌ವ್ಯೂ ಆದ್ಮೇಲೆ ಒಂದು ಥ್ಯಾಂಕ್ಸ್ ಕಳಿಸ್ಬೇಕು ಕಣಮ್ಮಿ. ಈಗ ಎಲ್ಲಾರೂ ಕಳಿಸ್ತಾರೆ. ಇಲ್ದಿದ್ರೆ ಅಷ್ಟು ಜನದಲ್ಲಿ ನಿನ್ನ ಮೊಕ ಯಾರ್ ನೆನಪಿಟ್ಕತಾರೆ?" ಎಂದಳು. ಅವರೆಕಾಯಿ ಬಿಡಿಸುತ್ತಿದ್ದ ಅವ್ವನಿಗೆ ಕೇಳಿಸಿತು. "ಅವ್ರು ಕೊನೇಗೆ ಏನಂದ್ರು?" ಎಂದಳು. ತಿಳಿಸ್ತೀವಿ ಅಂದರು ಎಂದೆ. "ತಿಳಿಸ್ತೀವಿ ಅಂದೋರ್ಗೆ ನಾವಾಗೇ ಸುದ್ದಿ ಕಳ್ಸದಾ? ಮಾನ ಬ್ಯಾಡ್ವಾ? ಎಣ್ಣಿನ್ ಕಡೇರು ಸುಮ್ಕಿರ್ಬೇಕು ಕಣಮ್ಮಿ!"

ಅವ್ವ ಹಾಗೆ ಅನ್ನಲು ಕಾರಣವಿದೆ. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರೆಲ್ಲ ಉಪ್ಪಿಟ್ಟು, ಬಾಳೆಹಣ್ಣು ತಿಂದು ಏಳುವಾಗ ಇದೇ "ತಿಳಿಸ್ತೀವಿ" ಎಂಬ ಮಾತು ಹೇಳಿ ಹೋಗಿದ್ದಾರೆ. ಆಮೇಲೆ ನಾವಾಗಿ ವಿಚಾರಿಸಿದರೆ ಹೆಣ್ಣಿನಲ್ಲಿ ಏನೋ ಐಬಿದೆ ಎಂದುಕೊಳ್ಳುತ್ತಾರಂತೆ. ಒಮ್ಮೆ ಅಪ್ಪ ತಡೆಯಲಾರದೆ ಫೋನ್ ಮಾಡಿಬಿಟ್ಟರು. ಆ ಕಡೆಯವರು ಅದನ್ನೇ ಹೇಳಿಕೊಂಡು ನಕ್ಕರು.

ಅವ್ವನಿಗೆ ಇಂಟರ್‌ವ್ಯೂ ಕೂಡ ಹೆಣ್ಣು ನೋಡುವ ಶಾಸ್ತ್ರದಂತೆಯೇ ಕಂಡಿದೆ. ಶುಕ್ರವಾರ ಬೆಳಿಗ್ಗೆ ಕನಕಾಂಬರ ಮುಡಿಸಿ, "ತಲೆ ಬಗ್ಗುಸ್ಕಂಡು ಕೂತ್ಕೊ. ಅಲ್ಲು ಬುಟ್ಕಂಡು ನಗಬ್ಯಾಡ. ಕೇಳಿದ್ದಕ್ಕೆಲ್ಲ ಬಾಯಾಕಬ್ಯಾಡ" ಎಂದು ಕಳಿಸಿದ್ದಳು. ನಾನು ಹಾಗೇ ಕೂತೆ. ನಿಮ್ಮ ಪಕ್ಕದ ಕನ್ನಡಕದ ಸಾರ್, "ಏನಮ್ಮ, ಉತ್ತರನೆಲ್ಲಾ ನೆಲದ ಮೇಲೆ ಬರ್ದಿದ್ದಾರಾ?" ಎಂದಾಗ ಎಲ್ಲರೂ ನಕ್ಕರು. ನೀವು ನಗಲಿಲ್ಲ.

ನಾನು ಹೊಲಿಗೆ ಕಲಿತದ್ದು ಕಾಲಿನಲ್ಲಿ ತುಳಿಯುವ ಹಳೇ ಮಿಷನ್ ಮೇಲೆ ಮೇಡಂ. ಅದು ಮುದಿ ಎತ್ತಿನ ಹಾಗೆ, ತಳ್ಳಿದಷ್ಟೇ ನಡೆಯುತ್ತದೆ. ನಿಮ್ಮದು ಮುಟ್ಟಿದರೆ ಓಡುತ್ತದೆ. ದಾರ ಕಿತ್ತುಹೋಗಿ ನನಗೆ ಅಳು ಬಂದಾಗ ನೀವು ಎದ್ದು ಬಂದು, "ಮೊದಲ್ನೇ ದಿನ ನಂಗೂ ಇಂಗೇ ಓಡೋಗಿತ್ತು ಕಣಮ್ಮಿ. ಕಾಲ್ಬೆರಳ ತುದೀಲಿ ಮುಟ್ಟು ಸಾಕು" ಎಂದು ನೀವೇ ದಾರ ಪೋಣಿಸಿಕೊಟ್ಟಿರಿ. ಆಮೇಲೆ ಕೇಳಿದಿರಿ, "ಈ ಕೆಲ್ಸ ನಿಂಗಿಷ್ಟನಾ?"

ಇಷ್ಟು ಜನ ಬಂದು ನೋಡಿಕೊಂಡು ಹೋದರು, ಒಬ್ಬರೂ ನನ್ನನ್ನು ಹೀಗೆ ಕೇಳಿರಲಿಲ್ಲ. ವಯಸ್ಸೆಷ್ಟು ಎಂದು ಅಪ್ಪನನ್ನು ಕೇಳುತ್ತಾರೆ, ಅಡುಗೆ ಬರುತ್ತಾ ಎಂದು ಅವ್ವನನ್ನು ಕೇಳುತ್ತಾರೆ. ನಾನು ಅಲ್ಲೇ ಕೂತಿರುತ್ತೇನೆ. ಕೇಳಿಸಿಕೊಂಡು ಅಭ್ಯಾಸವಿಲ್ಲದ ಪ್ರಶ್ನೆ, ಬಾಯಿ ಕಟ್ಟಿಹೋಯಿತು. ನೀವು ಕಾದಿರಿ. ಆಮೇಲೆ "ತಿಳಿಸ್ತೀವಿ" ಎಂದಿರಿ. ಬಸ್ಸು ತೆರಕಣಾಂಬಿ ದಾಟುವವರೆಗೂ ಉತ್ತರವನ್ನು ಬಾಯೊಳಗೇ ಹೇಳಿಕೊಳ್ಳುತ್ತಿದ್ದೆ. ಪಕ್ಕದ ಅಜ್ಜಿ, "ಯಾವ್ ದ್ಯಾವ್ರ ಮಂತ್ರವ್ವ ಅದು?" ಎಂದು ಕೇಳಿದರು.

ಇಷ್ಟ ಮೇಡಂ. ಅದೇ ಉತ್ತರ.

ಒಂದು ವಿಷಯ ಮುಚ್ಚಿಡುವುದಿಲ್ಲ. ಈ ಕೆಲಸ ಸಿಗದಿದ್ದರೆ ಬೇಗೂರಿನ ಗಂಡಿಗೆ ಒಪ್ಪಿಗೆ ಹೇಳಿಬಿಡುವುದೆಂದು ಅಪ್ಪ ನಿಶ್ಚಯಿಸಿದ್ದಾರೆ. ಆ ಹುಡುಗ ಕೆಟ್ಟವನೆಂದು ನಾನು ಹೇಳುವುದಿಲ್ಲ. ಅವನು ಇಡೀ ಹೊತ್ತು ಫೋನ್ ನೋಡುತ್ತಿದ್ದ, ಅಷ್ಟೇ ನನಗೆ ಗೊತ್ತಿರುವುದು. ಇದನ್ನು ಈಗಲೇ ಕಳಿಸಿದರೆ ಥ್ಯಾಂಕ್ಸ್ ಹೆಸರಿನಲ್ಲಿ ಕೆಲಸ ಬೇಡಿದಂತಾಗುತ್ತದೆ. ಅನು ಅಕ್ಕ ಹೇಳಿದಂತೆ ಫೋನಿನಲ್ಲೇ ನನ್ನ ಮಾತನ್ನು ರೆಕಾರ್ಡ್ ಮಾಡಿ ಕಳಿಸೋಣವೆಂದು ಹಿತ್ತಲಿಗೂ ಹೋದೆ. ನಾನು ಬಾಯಿ ಬಿಡುವ ಮೊದಲೇ ಕೋಳಿ ಕೂಗಿತು, ಅಳಿಸಿಬಿಟ್ಟೆ. ಅದಕ್ಕೇ ಕಾಗದ ಬರೆದಿದ್ದೇನೆ. ನಿಮ್ಮ ಕಡೆಯಿಂದ ಹೌದೋ ಅಲ್ಲವೋ ತಿಳಿದ ಮೇಲೆ ಪೋಸ್ಟ್ ಮಾಡುತ್ತೇನೆ. ಆಗ ಇದು ಬರೀ ಥ್ಯಾಂಕ್ಸ್ ಆಗಿರುತ್ತದೆ.

ಆ ಕನ್ನಡಕದ ಸಾರ್ ಅವರಿಗೂ ನಮಸ್ಕಾರ ಹೇಳಿ. ಅವರು ಅಂದದ್ದನ್ನು ನೆನೆಸಿಕೊಂಡರೆ ಈಗ ನನಗೂ ನಗು ಬರುತ್ತದೆ.

ನಿಮ್ಮನ್ನು ಮರೆಯದ,
ಕುಮಾರಿ
(ರಾಚಯ್ಯನವರ ಮಗಳು)

ವಿ.ಸೂ.: ಗುರುವಾರ. ನಿನ್ನೆ ನಿಮ್ಮ ಫ್ಯಾಕ್ಟರಿಯಿಂದ ಫೋನ್ ಬಂತು, ಈ ಸಲ ಆಗಲಿಲ್ಲ ಎಂದರು. "ಬ್ಯಾಡಾ ಅಂದೋರ್ಗೂ ಥ್ಯಾಂಕ್ಸಾ? ಒಲೆಗಾಕು" ಎಂದಳು ಅವ್ವ. ಸಂಜೆ ಅಪ್ಪ ಬೇಗೂರಿಗೆ ಫೋನ್ ಮಾಡಲು ಜಗುಲಿಗೆ ಹೋದರು. ನಾನು ಹಿಂದೆಯೇ ಹೋಗಿ, ನನಗೆ ಆ ಸಂಬಂಧ ಇಷ್ಟವಿಲ್ಲ, ಹೊಲಿಗೆ ಕೆಲಸ ಇಷ್ಟ ಎಂದೆ. ನೆಲ ನೋಡಿಕೊಂಡೇ ಹೇಳಿದೆ, ಆದರೆ ಹೇಳಿದೆ. ಅಪ್ಪ ಫೋನನ್ನು ಜೇಬಿಗಿಟ್ಟು, "ಆ ಮೇಡಂ ಮತ್ತೆ ಯಾವಾಗ ಕರೀತಾರಂತೆ?" ಎಂದರು.

ಇದು ಬರೀ ಥ್ಯಾಂಕ್ಸ್ ಮೇಡಂ. ನಾನು ಏನೂ ಕೇಳುತ್ತಿಲ್ಲ. ಅಪ್ಪ ಕೇಳುತ್ತಿದ್ದಾರೆ.